ನಡುದಾರಿಯ ಪಾಠಶಾಲೆ

ಕರಾವಳಿಯ ಶಾಲೆಗಳ ವಾರ್ಷಿಕ ಪ್ರವಾಸಕ್ಕೆ ಒಂದು ಹಳೆಯ ಜಾಡಿದೆ. ಬಸ್ಸು ಕಾರ್ಕಳದಿಂದ ಹೊರಡಲಿ, ಕಾಪುವಿನಿಂದ ಹೊರಡಲಿ, ಮಡಿಕೇರಿಯ ರಾಜಾಸೀಟು, ಕುಶಾಲನಗರದ ನಿಸರ್ಗಧಾಮ, ಕೊನೆಗೆ ಬೈಲಕುಪ್ಪೆಯ ಸ್ವರ್ಣದೇಗುಲ. ಕನ್ನಡ ಅಧ್ಯಾಪಕರಾಗಿ ನಾವೂ ಮಕ್ಕಳೊಡನೆ ಈ ಜಾಡಿನಲ್ಲಿ ಹಲವು ಬಾರಿ ಹೋಗಿದ್ದೇವೆ. ಮಕ್ಕಳು ದೇಗುಲದ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಬಿಸಿ ಮೊಮೊ ತಿನ್ನುತ್ತಾರೆ, ಬಸ್ಸು ಹತ್ತುತ್ತಾರೆ. ಒಮ್ಮೆ ಮಾತ್ರ, ಬಸ್ಸು ಹೊರಡುವ ಹೊತ್ತಿಗೆ ಸಮವಸ್ತ್ರ ಧರಿಸಿದ ಟಿಬೆಟಿಯನ್ ಮಕ್ಕಳ ಒಂದು ಗುಂಪು ಶಾಲೆ ಬಿಟ್ಟು ರಸ್ತೆಯಂಚಿನಲ್ಲಿ ನಡೆದು ಬರುತ್ತಿತ್ತು. ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಕಿಟಕಿಯಿಂದ ಅವರನ್ನು ನೋಡುತ್ತಾ ಕೇಳಿದಳು: "ಸರ್, ಇವರು ಒಂದು ದಿನ ಊರಿಗೆ ವಾಪಸ್ ಹೋಗುವವರಲ್ವಾ? ಹೋಗುವವರಿಗೆ ಇಲ್ಲಿ ಇಷ್ಟು ದೊಡ್ಡ ಶಾಲೆ ಯಾಕೆ?"

ಆಗ ನಾವು ಏನೋ ಹಾರಿಕೆಯ ಉತ್ತರ ಕೊಟ್ಟೆವು. ಬಸ್ಸು ಘಾಟಿ ಇಳಿದು ಸಂಪಾಜೆ ದಾಟುವ ಹೊತ್ತಿಗೆ ಮಕ್ಕಳೆಲ್ಲ ನಿದ್ದೆ ಹೋಗಿದ್ದರು. ಪ್ರಶ್ನೆ ಮಾತ್ರ ಎಚ್ಚರವಾಗಿತ್ತು. ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರು ಯಾರೆಂದು ಹುಡುಕುತ್ತಾ ಹೋದಾಗ ಮೊದಲು ಕಣ್ಣಿಗೆ ಬಿದ್ದುದು ನಮ್ಮದೇ ಇತಿಹಾಸದ ಒಂದು ಪುಟ.

ಇಸ್ಲಾಮಿನ ಮೊದಲ ವಲಸೆ ಮದೀನದ ಕಡೆಗೆ ನಡೆಯಲಿಲ್ಲ, ಅಬಿಸೀನಿಯದ ಕಡೆಗೆ ನಡೆಯಿತು. ಪ್ರವಾದಿತ್ವದ ಐದನೆಯ ವರ್ಷ, ಅಂದರೆ ಕ್ರಿ.ಶ. 615ರ ಸುಮಾರಿಗೆ, ಮಕ್ಕಾದ ಹಿಂಸೆಯನ್ನು ತಾಳಲಾರದೆ ಒಂದು ಚಿಕ್ಕ ತಂಡ ಕೆಂಪು ಸಮುದ್ರ ದಾಟಿ ನಜ್ಜಾಶಿಯ ರಾಜ್ಯವನ್ನು ಸೇರಿತು. ಅನಂತರ ಹೋದ ದೊಡ್ಡ ತಂಡದಲ್ಲಿ ಎಂಬತ್ತಕ್ಕೂ ಮಿಕ್ಕಿದ ಮಂದಿಯಿದ್ದರು. ನಜ್ಜಾಶಿಯ ಆಸ್ಥಾನದಲ್ಲಿ ಜಅ್‌ಫರ್(ರ) ಸೂರಃ ಮರ್ಯಮ್‌ನ ವಚನಗಳನ್ನು ಪಠಿಸಿದ ಪ್ರಸಂಗವನ್ನು ನಮ್ಮ ಮದ್ರಸಗಳ ಪ್ರತಿ ಮಗುವೂ ಬಲ್ಲದು. ಆದರೆ ಕಥೆಯನ್ನು ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆ ವಲಸಿಗರಲ್ಲಿ ಅನೇಕರು ಅಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ಉಳಿದರು. ಜಅ್‌ಫರ್(ರ) ಮತ್ತು ಸಂಗಡಿಗರು ಮದೀನಕ್ಕೆ ಬಂದುದು ಹಿಜ್ರಿ 7ರಲ್ಲಿ, ಖೈಬರ್ ವಿಜಯದ ಸಮಯದಲ್ಲಿ. ಅಷ್ಟರಲ್ಲಿ ಆ ನಡುದಾರಿಯ ನಾಡಿನಲ್ಲಿ ಒಂದು ಪೀಳಿಗೆಯೇ ಹುಟ್ಟಿ ಬೆಳೆದಿತ್ತು. ಜಅ್‌ಫರ್(ರ) ಮತ್ತು ಅಸ್ಮಾ ಬಿಂತ್ ಉಮೈಸ್(ರ) ದಂಪತಿಯ ಮಗ ಅಬ್ದುಲ್ಲಾಹ್ ಹುಟ್ಟಿದ್ದು ಅಲ್ಲಿಯೇ.

ಅಲ್ಲಿ ಹುಟ್ಟಿದ ಇನ್ನೊಂದು ಮಗು ಖಾಲಿದ್ ಬಿನ್ ಸಈದ್(ರ)ರ ಮಗಳು. ಅವರ ಹೆಸರು ಅಮಃ, ಪ್ರಸಿದ್ಧರಾದುದು ಉಮ್ಮು ಖಾಲಿದ್ ಎಂದು. ಮದೀನಕ್ಕೆ ಬಂದ ಮೇಲೆ ಪ್ರವಾದಿ(ಸ)ರ ಬಳಿಗೆ ಒಂದಷ್ಟು ಬಟ್ಟೆಗಳು ಬಂದುವು. ಅವುಗಳಲ್ಲಿ ಒಂದು ಪುಟ್ಟ ಕಪ್ಪು ಉಡುಪಿತ್ತು. ಪ್ರವಾದಿ(ಸ)ರು ಈ ಬಾಲಕಿಯನ್ನು ಕರೆತರಿಸಿ, ತಮ್ಮ ಕೈಯಿಂದಲೇ ಅದನ್ನು ತೊಡಿಸಿ, ಅದರ ಚಿತ್ತಾರವನ್ನು ತೋರಿಸುತ್ತಾ 'ಸನಾ' ಎಂದರು ಎಂದು ಬುಖಾರಿಯಲ್ಲಿ ವರದಿಯಾಗಿದೆ. ಅದು ಅರಬಿ ಪದವಲ್ಲ. ಅಬಿಸೀನಿಯದ ಭಾಷೆಯಲ್ಲಿ 'ಚೆಂದ' ಎಂದು ಅದರ ಅರ್ಥ. ಮಗು ಅವರ ಭುಜಗಳ ನಡುವಿನ ಪ್ರವಾದಿತ್ವದ ಮುದ್ರೆಯೊಡನೆ ಆಡತೊಡಗಿದಾಗ ತಂದೆ ಗದರಿದರು. ಪ್ರವಾದಿ(ಸ)ರು ಬಿಡಿ ಎಂದರು.

ಈ ವರದಿಯನ್ನು ವಿದ್ಯಾರ್ಥಿ ದೆಸೆಯಲ್ಲಿ ನಾವು ಉಡುಪಿನ ಕುರಿತಾದ ಅಧ್ಯಾಯದಲ್ಲಿ ಓದಿದ್ದೆವು. ಹೊಸ ಬಟ್ಟೆ ಧರಿಸಿದವರಿಗೆ ಮಾಡುವ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋದೆವು. ಅಧ್ಯಾಪಕರಾದ ಮೇಲೆಯೇ ಅದರ ಇನ್ನೊಂದು ಮುಖ ಕಂಡುದು. ಮನೆಮಂದಿ ಮರಳಿ ಬಂದಿದ್ದಾರೆ ಎಂದು ಊರೆಲ್ಲ ಸಂತೋಷಪಡುವಾಗ, ಆ ಮಗುವಿನ ಪಾಲಿಗೆ ಮದೀನವೇ ಪರಸ್ಥಳ. ಅದು ಬಿಟ್ಟು ಬಂದ ನಾಡಿನ ಒಂದು ಪದವನ್ನು ಪ್ರವಾದಿ(ಸ)ರು ತಾವೇ ಉಚ್ಚರಿಸಿದರು.

ಕುರ್‌ಆನ್ ಝಕಾತಿನ ಹಕ್ಕುದಾರರನ್ನು ಹೆಸರಿಸುವಾಗ 'ಇಬ್ನುಸ್ಸಬೀಲ್' ಎಂಬ ಪದವನ್ನು ಬಳಸುತ್ತದೆ. ಕೈಯಲ್ಲಿ ಕಾಸಿಲ್ಲದೆ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕ ಎಂದು ವಿದ್ವಾಂಸರು ಅದನ್ನು ವಿವರಿಸಿದ್ದಾರೆ. ಅಕ್ಷರಶಃ ಅರ್ಥ 'ದಾರಿಯ ಮಗ'. ಮದೀನದ ಮಸೀದಿಯ ಸುಫ್ಫಾ ಎಂಬ ನೆರಳುಚಪ್ಪರದಲ್ಲಿ ಉಳಿದುಕೊಂಡಿದ್ದ ಬಡ ಮುಹಾಜಿರರು ಇಂಥವರೇ. ಮನೆಯಿಲ್ಲ, ಕುಟುಂಬವಿಲ್ಲ, ಹಗಲು ಸಿಕ್ಕ ಕೆಲಸ, ಉಳಿದ ಹೊತ್ತು ಕಲಿಕೆ. ಬದ್ರ್‌ನ ಕೈದಿಗಳಲ್ಲಿ ಪರಿಹಾರಧನ ಕೊಡಲಾರದ ಅಕ್ಷರಸ್ಥರು ತಲಾ ಹತ್ತು ಮಂದಿ ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಪಡೆದರೆಂಬ ವರದಿಯೂ ಇದೇ ಕಾಲದ್ದು. ಊಟ ವಸತಿಗಳೇ ಸರಿಯಾಗಿಲ್ಲದ ಒಂದು ನಿರಾಶ್ರಿತ ಸಮುದಾಯವು ಅಕ್ಷರವನ್ನು ಆಮೇಲಿನ ಮಾತೆಂದು ಮುಂದೂಡಲಿಲ್ಲ.

ಇನ್ನು ಬೈಲಕುಪ್ಪೆಗೆ ಬರೋಣ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲ್ಹಾಸಾ ತೊರೆದು ಭಾರತವನ್ನು ಪ್ರವೇಶಿಸಿದರು. ಅವರ ಹಿಂದೆ ಸುಮಾರು 80,000 ಮಂದಿ ಹಿಮಾಲಯ ದಾಟಿದರು. ಚಳಿನಾಡಿನ ಜನರಿಗೆ ಅಸ್ಸಾಮಿನ ಮಿಸ್ಸಾಮಾರಿಯ ಸೆಕೆ, ಬಂಗಾಳದ ಬಕ್ಸಾದ ಹಳೆಯ ಸೆರೆಕೋಟೆ ಎರಡೂ ಹೊಂದಲಿಲ್ಲ, ಕಾಯಿಲೆ ಹಬ್ಬಿತು. ಗಟ್ಟಿಮುಟ್ಟಾದವರನ್ನು ಗುಡ್ಡಗಾಡಿನ ರಸ್ತೆ ಕಾಮಗಾರಿಗೆ ಕಳುಹಿಸಲಾಯಿತು. ಅಪ್ಪ ಅಮ್ಮ ಇಬ್ಬರೂ ಕಲ್ಲೊಡೆಯುವಾಗ ಮಕ್ಕಳು ರಸ್ತೆಯ ಬದಿಯ ಡೇರೆಗಳಲ್ಲಿ, ಧೂಳಿನಲ್ಲಿ ಇರುತ್ತಿದ್ದರು. ಅನೇಕ ಮಕ್ಕಳು ಅಲ್ಲಿಯೇ ತೀರಿಕೊಂಡರು. ಉಳಿದವರು ಬದುಕಿದ್ದರೂ ಅವರ ಹಗಲಿಗೆ ಆದಿ ಅಂತ್ಯಗಳಿರಲಿಲ್ಲ.

1960ರ ಮಾರ್ಚ್‌ನಲ್ಲಿ ಮಸ್ಸೂರಿಯಲ್ಲಿ ಮೊದಲ ಟಿಬೆಟಿಯನ್ ಶಾಲೆ ತೆರೆಯಿತು. ಅದೇ ವರ್ಷದ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರದಿಂದ 51 ಮಂದಿ ಮಕ್ಕಳು ಧರ್ಮಶಾಲಾಕ್ಕೆ ಬಂದರು. ದಲೈ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರನ್ನು ನೋಡಿಕೊಳ್ಳುವ ಹೊಣೆ ಹೊತ್ತರು. 1964ರಲ್ಲಿ ಅವರು ತೀರಿಕೊಂಡ ಬಳಿಕ ತಂಗಿ ಜೆತ್ಸುನ್ ಪೆಮಾ ಆ ಸ್ಥಾನಕ್ಕೆ ಬಂದು ನಾಲ್ಕು ದಶಕಗಳ ಕಾಲ ನಡೆಸಿದರು. ಇದುವೇ ಮುಂದೆ ಟಿಬೆಟಿಯನ್ ಮಕ್ಕಳ ಗ್ರಾಮ ಎಂಬ ಸಂಸ್ಥೆಯಾಯಿತು. ಅಲ್ಲಿ ಮಕ್ಕಳನ್ನು ಒಂದೇ ದೊಡ್ಡ ಕೊಟ್ಟಿಗೆಯಂಥ ಹಾಸ್ಟೆಲಿನಲ್ಲಿ ತುಂಬಲಿಲ್ಲ. ಮನೆಮನೆಗಳಾಗಿ ಹಂಚಿ ಪ್ರತಿ ಮನೆಗೂ ಒಬ್ಬ ಸಾಕುತಾಯಿಯನ್ನು ಇಟ್ಟರು. ದೊಡ್ಡ ಮಕ್ಕಳು ಚಿಕ್ಕವರ ಮುಖ ತೊಳೆಸಬೇಕು, ಅಡುಗೆಗೆ ಕೈಜೋಡಿಸಬೇಕು, ಆಮೇಲೆ ಪಾಠ. ಮನೆ ಮೊದಲೋ ಶಾಲೆ ಮೊದಲೋ ಎಂಬ ವಾದಕ್ಕೇ ಅಲ್ಲಿ ಎಡೆಯಿರಲಿಲ್ಲ.

ಈ ಮಕ್ಕಳನ್ನು ಊರಿನ ಶಾಲೆಗಳಲ್ಲಿ ಹಂಚಿಬಿಟ್ಟರೆ ಸಾಕಾಗುತ್ತಿರಲಿಲ್ಲವೇ? ಪ್ರಧಾನಿ ನೆಹರೂ ಹಾಗೆ ಭಾವಿಸಲಿಲ್ಲ. ಟಿಬೆಟಿಯನ್ ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಬೇಕು, ಅವರು ತಮ್ಮ ಭಾಷೆ ಸಂಸ್ಕೃತಿಗಳನ್ನು ಬಿಡದೆ ಆಧುನಿಕ ವಿದ್ಯೆಯನ್ನೂ ಪಡೆಯಬೇಕು, ಖರ್ಚನ್ನು ಭಾರತ ಸರಕಾರ ಭರಿಸಬೇಕು ಎಂಬುದು ಅವರ ನಿಲುವಾಗಿತ್ತು. ಅದರಂತೆ 1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಟಿಬೆಟಿಯನ್ ಶಾಲೆಗಳಿಗಾಗಿಯೇ ಒಂದು ಸ್ವಾಯತ್ತ ಮಂಡಳಿ ಸ್ಥಾಪನೆಯಾಯಿತು. ನಿರಾಶ್ರಿತರ ಕುರಿತಾದ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಯಾವ ಕಾನೂನಿನ ಒತ್ತಾಯವೂ ಇಲ್ಲದೆ ನಡೆದ ಕೆಲಸವಿದು.

ಹೊತ್ತಿಗೆ ಸರಿಯಾಗಿ ಭೂಮಿ ಕೊಟ್ಟದ್ದು ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡನ್ನು ಗೇಣಿಗೆ ನೀಡಿತು. 1960ರ ಕೊನೆಯಲ್ಲಿ ಬಂದ ಮೊದಲ ತಂಡಗಳು ಕಾಡು ಕಡಿದು, ಆನೆಗಳಿಗೆ ಹೆದರುತ್ತಾ, ಡೇರೆಗಳಲ್ಲಿ ಮಳೆಗಾಲ ಕಳೆದುವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡ, ಎಪ್ಪತ್ತರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಬೈಲಕುಪ್ಪೆಯ ಎರಡು ವಸತಿಗಳನ್ನು ಸೇರಿಸಿ ಕರ್ನಾಟಕದಲ್ಲಿ ಒಟ್ಟು ಐದು ಟಿಬೆಟಿಯನ್ ನೆಲೆಗಳಾದುವು. ಜೋಳದ ಹೊಲದ ಜೊತೆಜೊತೆಗೆ ಶಾಲೆಗಳೂ ಎದ್ದುವು.

ಎಲ್ಲವೂ ಸರಿಯಾಗಿಯೇ ನಡೆಯಿತೆಂದು ನಾವು ಹೇಳುತ್ತಿಲ್ಲ. ಆರಂಭದಲ್ಲಿ ಒಂದನೆಯ ತರಗತಿಯಿಂದಲೇ ಪಾಠ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಒಂದು ಅಕ್ಷರ ಇಂಗ್ಲಿಷ್ ಕೇಳದ ಮಗು ಅರ್ಥವಾಗದ್ದನ್ನು ಉರು ಹೊಡೆಯುತ್ತಿತ್ತು. ಎರಡು ದಶಕಗಳ ಬಳಿಕ, ಎಂಬತ್ತರ ದಶಕದಿಂದ, ಮೊದಲು ಮಕ್ಕಳ ಗ್ರಾಮದ ಶಾಲೆಗಳೂ ಅನಂತರ ಉಳಿದವೂ ಪ್ರಾಥಮಿಕ ಹಂತವನ್ನು ಟಿಬೆಟಿಯನ್ ಭಾಷೆಗೆ ಬದಲಾಯಿಸಿಕೊಂಡುವು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಒಮ್ಮೆಲೇ ಇಂಗ್ಲಿಷ್ ಎಂಬ ನಮ್ಮ ಮಕ್ಕಳ ಪಾಡನ್ನು ನೋಡುತ್ತಿರುವ ನಮಗೆ ಈ ತಿದ್ದುಪಡಿಯ ಬೆಲೆ ಚೆನ್ನಾಗಿ ಗೊತ್ತು. ಊರು ಕಳೆದುಕೊಂಡ ಅವರು ಇಪ್ಪತ್ತು ವರ್ಷಗಳಲ್ಲಿ ಕಂಡುಕೊಂಡದ್ದನ್ನು ಊರಲ್ಲಿಯೇ ಇರುವ ನಾವು ಇನ್ನೂ ಕಂಡುಕೊಂಡಿಲ್ಲ.

ವಿದ್ಯಾರ್ಥಿನಿಯ ಪ್ರಶ್ನೆಗೆ ಬೈಲಕುಪ್ಪೆಯ ಉತ್ತರ ಈಗ ಹೊಸ ರೂಪ ತಳೆದಿದೆ. ಅಂದು ಶಾಲೆ ಕಟ್ಟಿದವರು ಮಕ್ಕಳು ಟಿಬೆಟಿಗೆ ಮರಳುವರೆಂದು ಕಟ್ಟಿದರು. ಮರಳುವ ದಾರಿ ತೆರೆಯಲಿಲ್ಲ. ಅಲ್ಲಿ ಕಲಿತವರಲ್ಲಿ ಅನೇಕರು ಅಮೇರಿಕ, ಕೆನಡಾ, ಯುರೋಪುಗಳಿಗೆ ಹೋದರು, ಹೋಗುತ್ತಿದ್ದಾರೆ. 2008ರ ಬಳಿಕ ಟಿಬೆಟಿನಿಂದ ಹೊಸದಾಗಿ ದಾಟಿ ಬರುವವರು ತೀರಾ ಕಡಿಮೆಯಾದರು. ಶಾಲೆಗಳ ಬೆಂಚುಗಳು ಬರಿದಾಗುತ್ತಿವೆ. ಆದರೂ ಸಿಬಿಎಸ್‌ಇ ಅಂಕಪಟ್ಟಿ ಟೊರಾಂಟೊದಲ್ಲಿ ಚಲಾವಣೆಯಾಗುತ್ತದೆ, ಅಲ್ಲಿ ಕಲಿತ ಟಿಬೆಟಿಯನ್ ಲಿಪಿ ಅಜ್ಜಿಗೆ ಪತ್ರ ಬರೆಯಲು ಒದಗುತ್ತದೆ. ಯಾವ ದಿಕ್ಕಿಗೆ ಹೋಗುವೆವೆಂದು ತಿಳಿಯದ ಮಗುವಿಗೆ ಎರಡೂ ಬೇಕಾಗಿತ್ತು.

ಟಿಬೆಟಿಯನ್ನರಿಗಿಂತ ಹದಿನೇಳು ವರ್ಷ ಮೊದಲೇ ಕನ್ನಡ ನಾಡಿನ ಗಡಿಗೆ ತಾಗಿ ಇನ್ನೊಂದು ನಡುದಾರಿಯ ಶಾಲೆ ನಡೆದಿತ್ತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಸೋವಿಯತ್ ಆಡಳಿತವು ಲಕ್ಷಾಂತರ ಪೋಲೆಂಡಿನವರನ್ನು ಸೈಬೀರಿಯ, ಕಝಾಕ್‌ಸ್ತಾನಗಳಿಗೆ ಗಡೀಪಾರು ಮಾಡಿತು. 1942ರಲ್ಲಿ ಬಿಡುಗಡೆಗೊಂಡವರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಸೈನಿಕರೂ ನಾಗರಿಕರೂ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವೀ ಬಂದರಿಗೆ ಬಂದಿಳಿದರು. ಹಸಿವಿನಿಂದ ಸೊರಗಿದ, ತಲೆ ಬೋಳಿಸಿದ, ಹೆತ್ತವರನ್ನು ಕಳೆದುಕೊಂಡ ಮಕ್ಕಳು ಅವರಲ್ಲಿ ಬಹಳವಿದ್ದರು. ಆ ದಿನಗಳಲ್ಲಿ ಇರಾನ್ ಸ್ವತಃ ವಿದೇಶಿ ಸೈನ್ಯಗಳ ಹಿಡಿತದಲ್ಲಿತ್ತು, ರೊಟ್ಟಿಗೆ ಪರದಾಡುತ್ತಿತ್ತು. ಆದರೂ ಇಸ್ಫಹಾನ್ ನಗರವು ಎರಡು ಸಾವಿರಕ್ಕೂ ಮಿಕ್ಕಿದ ಈ ಮಕ್ಕಳಿಗೆ ನೆಲೆ ಕೊಟ್ಟಿತು. ಅವರಿಗೆ ಪೋಲಿಷ್ ಭಾಷೆಯಲ್ಲಿಯೇ ಶಾಲೆಗಳು ನಡೆದುವು. ಪರ್ಷಿಯನ್ ರತ್ನಗಂಬಳಿ ನೇಯುವುದನ್ನೂ ಮಕ್ಕಳು ಕಲಿತರು. ಪೋಲೆಂಡಿನವರು ಇಂದಿಗೂ ಇಸ್ಫಹಾನನ್ನು ಪೋಲಿಷ್ ಮಕ್ಕಳ ನಗರವೆಂದು ಸ್ಮರಿಸುತ್ತಾರೆ.

ಇರಾನಿನಿಂದ ಮುಂದೆ ಹೊರಟ ಕೆಲವರು ಭಾರತಕ್ಕೆ ಬಂದರು. ಗುಜರಾತಿನ ಜಾಮ್‌ನಗರದ ಸಮೀಪ ಬಾಲಾಚಡಿಯಲ್ಲಿ ಅಲ್ಲಿನ ಅರಸ ದಿಗ್ವಿಜಯಸಿಂಹಜೀ ನೂರಾರು ಮಕ್ಕಳಿಗೆ ಆಶ್ರಯವಿತ್ತರು. ವಾರ್ಸಾ ನಗರದ ಒಂದು ಶಾಲೆಗೆ ಈಗ ಅವರ ಹೆಸರಿದೆ. ನಮ್ಮ ನಿಪ್ಪಾಣಿಯಾಚೆಗಿನ ಕೊಲ್ಲಾಪುರದ ಹತ್ತಿರ, ವಳಿವಡೆ ಎಂಬಲ್ಲಿ 1943ರಿಂದ 1948ರ ತನಕ ಸುಮಾರು ಐದು ಸಾವಿರ ಪೋಲೆಂಡಿನವರು ಇದ್ದರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಗಂಡಸರು ಯುದ್ಧರಂಗದಲ್ಲಿದ್ದರು. ಸಾಲು ಸಾಲು ಬ್ಯಾರಕ್ಕುಗಳ ಆ ಶಿಬಿರದಲ್ಲಿ ಪ್ರಾಥಮಿಕ ಶಾಲೆಗಳು, ಪ್ರೌಢಶಾಲೆ, ಸ್ಕೌಟ್ ದಳ, ನಾಟಕಶಾಲೆ, ಚರ್ಚು ಎಲ್ಲವೂ ಇದ್ದುವು. ಪೋಲೆಂಡಿನ ಪಠ್ಯಕ್ರಮವನ್ನು ಸಹ್ಯಾದ್ರಿಯ ಮಳೆಯಲ್ಲಿ ಪಾಠ ಮಾಡಿದರು. ಯುದ್ಧ ಮುಗಿದಾಗ ಅವರ ಊರುಗಳು ಸೋವಿಯತ್ ಗಡಿಯೊಳಗೆ ಸೇರಿಹೋಗಿದ್ದುವು. ಮನೆಗೆ ಹೋಗಬೇಕಾದ ಮಕ್ಕಳು ಬ್ರಿಟನ್ ಮತ್ತಿತರ ದೂರದ ದೇಶಗಳಿಗೆ ಹೋದರು. ಐದು ವರ್ಷ ಸುಮ್ಮನೆ ಕಾಯುತ್ತಾ ಕುಳಿತಿದ್ದರೆ ಅಲ್ಲಿ ಹದಿನೈದರ ಹುಡುಗ ಹತ್ತರ ಹುಡುಗನ ತರಗತಿಯಲ್ಲಿ ಕೂರಬೇಕಾಗುತ್ತಿತ್ತು.

ಇದೆಲ್ಲ ದೂರದ ಕಥೆಯೆಂದು ಓದುಗರಿಗೆ ತೋರಬಹುದು. ಕೆಲವು ವರ್ಷಗಳ ಹಿಂದೆ ಮಣಿಪಾಲದ ಒಂದು ಮಸೀದಿಯಲ್ಲಿ ಜುಮಾ ಮುಗಿದ ಬಳಿಕ ಒಬ್ಬ ಅಫ್ಘಾನ್ ಯುವಕನ ಪರಿಚಯವಾಯಿತು. ಮಂಗಳೂರಿನಲ್ಲಿ ಓದುತ್ತಿದ್ದವನು ಗೆಳೆಯನನ್ನು ನೋಡಲು ಬಂದಿದ್ದ. ಭಾರತ ಸರಕಾರದ ಐಸಿಸಿಆರ್ ವಿದ್ಯಾರ್ಥಿವೇತನದ ಮೂಲಕ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಅಫ್ಘಾನಿಸ್ತಾನದ ವಿದ್ಯಾರ್ಥಿಗಳು ಬರುತ್ತಿದ್ದುದು ನಮ್ಮ ಜಿಲ್ಲೆಯವರಿಗೆ ತಿಳಿದದ್ದೇ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿಗಳ ಕೈಸೇರಿದಾಗ ಇವರು ಒಂದೇ ರಾತ್ರಿಯಲ್ಲಿ ವಿಚಿತ್ರ ಸ್ಥಿತಿಗೆ ಬಿದ್ದರು. ನಿರಾಶ್ರಿತರೆಂಬ ಹೆಸರಿಲ್ಲ, ಹೋಗಲು ಊರೂ ಇಲ್ಲ. ವೀಸಾ ಇರುವುದು ಕೋರ್ಸು ಇರುವ ತನಕ. ಆ ಯುವಕ ನಗುತ್ತಲೇ ಹೇಳಿದ: ಮೊದಲೆಲ್ಲ ತಾಯಿ ಫೋನು ಮಾಡಿದಾಗ ಪರೀಕ್ಷೆ ಬೇಗ ಮುಗಿಯಲಿ ಎಂದು ದುಆ ಮಾಡುತ್ತಿದ್ದಳಂತೆ. ಈಗ ಪರೀಕ್ಷೆ ಮುಗಿಯದಿರಲಿ ಎಂದು ಮಾಡುತ್ತಾಳಂತೆ. ಅವನಿಗೊಬ್ಬ ತಂಗಿಯಿದ್ದಳು. 2022ರ ಡಿಸೆಂಬರಿನಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿದ ಸುದ್ದಿ ಓದಿದಾಗ ನಮಗೆ ಆ ಹುಡುಗಿಯ ನೆನಪಾಯಿತು. ಇಸ್ಲಾಮಿನ ಹೆಸರಿನಲ್ಲಿ ನಡೆದ ಈ ಕೃತ್ಯವನ್ನು, ಸುಫ್ಫಾದ ಚರಿತ್ರೆ ಕಲಿಸುವ ನಾವು, ಯಾವ ಮುಖದಿಂದಲೂ ಸಮರ್ಥಿಸಲಾರೆವು.

ನಾವೇ ನಡುದಾರಿಯಲ್ಲಿ ನಿಂತ ಕಾಲವೂ ಒಂದಿತ್ತು. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತನ್ನು ವಶಪಡಿಸಿಕೊಂಡಿತು. ಅಲ್ಲಿ ಆಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಅವಿಭಜಿತ ದಕ್ಷಿಣ ಕನ್ನಡದ ಉಡುಪಿ, ಕಾಪು, ಕಾರ್ಕಳಗಳಿಂದ ಹೋದವರೂ ಅವರಲ್ಲಿ ಸೇರಿದ್ದರು. ಬಸ್ಸುಗಳಲ್ಲಿ ಬಸ್ರಾ, ಬಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ, ಮರುಭೂಮಿಯ ಡೇರೆಗಳು, ಕೊನೆಗೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಹಾಗೆ ಕರೆತರಲಾಯಿತು.

ಆ ವರ್ಷ ನಾವು ನಾಲ್ಕನೆಯ ತರಗತಿಯಲ್ಲಿದ್ದೆವು. ಸೆಪ್ಟೆಂಬರಿನಲ್ಲಿ ನಮ್ಮ ಊರಿಗೆ ಒಂದು ಕುಟುಂಬ ಬಂತು. ನಮ್ಮ ಪ್ರಾಯದ ಒಬ್ಬ ಹುಡುಗ, ಅವನ ತಂಗಿ. ಬಿಟ್ಟು ಬಂದ ಮನೆಯಲ್ಲಿ ಉಳಿದ ಸಾಮಾನುಗಳ ಜೊತೆ ಶಾಲೆಯ ಕಾಗದಗಳೂ ಉಳಿದಿದ್ದುವು. ಶಾಲೆಯವರು ಟಿ.ಸಿ. ಕೇಳಿದರು. ಕುವೈತಿನ ಶಾಲೆಯೇ ಮುಚ್ಚಿರುವಾಗ ಟಿ.ಸಿ. ತರುವುದೆಲ್ಲಿಂದ? ದಾಖಲಾತಿ ಆಗದೆ ಆ ಮಕ್ಕಳು ವಾರಗಟ್ಟಲೆ ಜಗಲಿಯಲ್ಲಿ ಕುಳಿತರು. ಅವನ ಕನ್ನಡ ಕೇಳಿ ನಾವು ನಗುತ್ತಿದ್ದೆವು, 'ಸದ್ದಾಂ' ಎಂದು ಅಡ್ಡಹೆಸರಿಟ್ಟೆವು. ಯಾರಿಂದ ತಪ್ಪಿಸಿಕೊಂಡು ಬಂದನೋ ಅವರದೇ ಹೆಸರು. ಈಗ ನೆನೆದರೆ ನಾಚಿಕೆಯಾಗುತ್ತದೆ. ಜಗಲಿಯಲ್ಲಿ ಕುಳಿತ ಹುಡುಗ ಮಾತನ್ನೇ ಕಡಿಮೆ ಮಾಡಿದ. ವಿಮಾನದ ಸದ್ದು ಕೇಳಿದರೆ ಎದ್ದು ಒಳಗೆ ಓಡುತ್ತಿದ್ದ.

ಮಗುವಿಗೆ ಆ ಹೊತ್ತಿನಲ್ಲಿ ಶಾಲೆ ಕೊಡಬಹುದಾದದ್ದು ಭವಿಷ್ಯವೆಂಬ ದೊಡ್ಡ ಸಂಗತಿಯನ್ನಲ್ಲ. ಬೆಳಿಗ್ಗೆ ಏಳಲು ಒಂದು ಕಾರಣ, ಹಾಜರಿ ಕರೆಯುವಾಗ ತನ್ನ ಹೆಸರು, ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವ ಒಬ್ಬ ಹಿರಿಯರು, ನಿನ್ನೆ ಬಿಟ್ಟಲ್ಲಿಂದ ಮುಂದುವರಿಯುವ ಒಂದು ಪಾಠ. ಎಲ್ಲವೂ ತುಂಡಾಗಿ ಹೋದವನ ಬದುಕಿನಲ್ಲಿ ಇದೊಂದು ಎಳೆ ತುಂಡಾಗದಂತೆ ನೋಡಿಕೊಂಡರೆ ಉಳಿದವು ನಿಧಾನವಾಗಿ ಸೇರಿಕೊಳ್ಳುತ್ತವೆ. ಮೂವತ್ತು ದಾಟಿದ ಬೋಧನೆಯಲ್ಲದಿದ್ದರೂ ಎರಡು ದಶಕಗಳ ಬೋಧನೆಯಿಂದ ನಾವು ಕಂಡದ್ದು ಇದು.

ಈಗ ಕಾನೂನು ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಗು ಎನ್ನುತ್ತದೆಯೇ ಹೊರತು ಪ್ರಜೆ ಎನ್ನುವುದಿಲ್ಲ. ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. 2025ರ ಫೆಬ್ರವರಿಯಲ್ಲಿ ರೊಹಿಂಗ್ಯಾ ಮಕ್ಕಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮಕ್ಕಳು ಮೊದಲು ಸರಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಲಿ ಎಂದಿತು. ನಮ್ಮ ಶಾಲಾ ಆಡಳಿತ ಸಮಿತಿಗಳಲ್ಲಿರುವ ಸಹೋದರರು ಈ ಕಾಯಿದೆಯ ನಾಲ್ಕು, ಐದು ಮತ್ತು ಹದಿನಾಲ್ಕನೆಯ ಸೆಕ್ಷನ್‌ಗಳನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು. ಬಿಹಾರ, ಒಡಿಶಾಗಳಿಂದ ಕೆಲಸಕ್ಕೆ ಬಂದವರ ಮಕ್ಕಳು ಇಂದಿಗೂ ಕೆಲವು ಶಾಲೆಗಳ ಗೇಟಿನಿಂದ ಹಿಂದಿರುಗುವುದನ್ನು ನಾವು ನೋಡಿದ್ದೇವೆ.

1990ರಲ್ಲಿ ಕಾನೂನಿರಲಿಲ್ಲ, ಆದರೆ ಮಗ್ರಿಬಿನ ಬಳಿಕದ ಮದ್ರಸವಿತ್ತು. ಉಸ್ತಾದರು ಬಂದ ದಿನವೇ ಅಣ್ಣತಂಗಿಯರನ್ನು ನಮ್ಮ ಬೆಂಚಿನಲ್ಲಿ ಕೂರಿಸಿದರು. ಕುವೈತಿನ ಗಲ್ಲಿಯಲ್ಲಿ ಬೆಳೆದ ಹುಡುಗನ ನಾಲಗೆಯಲ್ಲಿ ಅರಬಿ ಸಲೀಸಾಗಿತ್ತು. ಉಸ್ತಾದರು ಅವನನ್ನು ಎಬ್ಬಿಸಿ ನಿಲ್ಲಿಸಿ, 'ಐನ್' ಮತ್ತು 'ಹಾ' ಅಕ್ಷರಗಳನ್ನು ಗಂಟಲಿನಿಂದ ಹೇಗೆ ಹೊರಡಿಸಬೇಕೆಂದು ನಮಗೆಲ್ಲ ಕೇಳಿಸಲು ಹೇಳಿದರು. ಹಗಲೆಲ್ಲ ಜಗಲಿಯಲ್ಲಿ ಕುಳಿತವನು ರಾತ್ರಿ ನಮಗೆ ಪಾಠ ಹೇಳಿದ. ಶಾಲೆಗೆ ಅವನ ದಾಖಲಾತಿ ಆದುದು ನವೆಂಬರಿನಲ್ಲಿ.

ಉಸ್ತಾದರು ತೀರಿಕೊಂಡ ಮೇಲೆ ಅವರ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುವಾಗ ಆ ವರ್ಷದ ಹಾಜರಿ ಪುಸ್ತಕ ನಮ್ಮ ಕೈಗೆ ಬಂತು. ಅರಬಿ ಮಲೆಯಾಳ ಲಿಪಿಯಲ್ಲಿ ನಮ್ಮ ಹೆಸರುಗಳ ಕೆಳಗೆ ಸೆಪ್ಟೆಂಬರಿನಲ್ಲಿಯೇ ಇಬ್ಬರ ಹೆಸರು ಸೇರಿದೆ. ಮನೆಯ ಹೆಸರು ಬರೆಯಬೇಕಾದ ಕಾಲಮಿನಲ್ಲಿ 'ಕುವೈತ್' ಎಂದಿದೆ. ಡಿಸೆಂಬರಿನ ಕೊನೆಯ ತನಕ ಅವರಿಬ್ಬರ ಸಾಲಿನಲ್ಲಿ ಒಂದು ದಿನದ ಗೈರುಹಾಜರಿಯೂ ಇಲ್ಲ. ನಮ್ಮ ಸಾಲಿನಲ್ಲಿ ಹನ್ನೊಂದು ಇವೆ.